ಕೋಲ್ಡ್‌ಪ್ಲೇ ವಿಶ್ವಪ್ರವಾಸ: ದಾವಣಗೆರೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ನಮ್ಮದು ಮೈಕ್‌ಸೆಟ್ ಅಂಗಡಿ. ಮದುವೆ, ಗಣಪತಿ, ದುಗ್ಗಮ್ಮನ ಜಾತ್ರೆ, ರಸಮಂಜರಿ, ಯಾವುದೇ ಇರಲಿ, ಬಾಕ್ಸ್ ಕಟ್ಟಿ ವೈರ್ ಎಳೆಯೋರು ನಾವು. 2025ರ ಜನವರಿ 19ರಂದು ನಾನು ಮತ್ತು ನನ್ನ ತಂಗಿ ನವಿ ಮುಂಬೈಗೆ ಹೋಗಿ ಕೋಲ್ಡ್‌ಪ್ಲೇ ಕಾರ್ಯಕ್ರಮ ನೋಡಿ ಬಂದೆವು. ಅವತ್ತಿನಿಂದ ಅಂಗಡಿಗೆ ಬಂದವರೆಲ್ಲ ಒಂದಲ್ಲ ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಕಾಲೇಜು ಹುಡುಗರು ಟಿಕೆಟ್ ಬಗ್ಗೆ ಕೇಳುತ್ತಾರೆ, ಅವರ ಅಪ್ಪ-ಅಮ್ಮಂದಿರು ಖರ್ಚಿನ ಬಗ್ಗೆ, ನಮ್ಮ ಕಸುಬಿನವರು ಸೌಂಡ್ ಬಗ್ಗೆ. ಮುಂದೆ ಯಾವ ಬ್ಯಾಂಡ್ ಬಂದರೂ ಉಪಯೋಗಕ್ಕೆ ಬರಲಿ ಅಂತ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಕೋಲ್ಡ್‌ಪ್ಲೇ ಅಂದ್ರೆ ಯಾರು?

ಇಂಗ್ಲೆಂಡಿನ ಪಾಪ್ ರಾಕ್ ಬ್ಯಾಂಡ್. ನಾಲ್ಕು ಜನ. ಕ್ರಿಸ್ ಮಾರ್ಟಿನ್ ಹಾಡುತ್ತಾರೆ, ಪಿಯಾನೊ ನುಡಿಸುತ್ತಾರೆ. ಜಾನಿ ಬಕ್‌ಲ್ಯಾಂಡ್ ಗಿಟಾರ್, ಗೈ ಬೆರಿಮನ್ ಬೇಸ್ ಗಿಟಾರ್, ವಿಲ್ ಚಾಂಪಿಯನ್ ಡ್ರಮ್ಸ್. ಲಂಡನ್‌ನಲ್ಲಿ ಓದುವಾಗ ಜೊತೆಯಾದವರು. ಮೊದಲ ಆಲ್ಬಂ 2000ದಲ್ಲಿ ಬಂತು. ಇಷ್ಟು ವರ್ಷ ಆದರೂ ಅದೇ ನಾಲ್ವರು ಇದ್ದಾರೆ. ನಮ್ಮೂರಿನ ಆರ್ಕೆಸ್ಟ್ರಾ ತಂಡಗಳನ್ನು ಹತ್ತಿರದಿಂದ ನೋಡಿದವನಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ಮೂರು ಸೀಸನ್ ಒಟ್ಟಿಗೆ ಇದ್ದ ತಂಡವನ್ನು ನಾನು ಕಂಡಿದ್ದೇ ಕಡಿಮೆ.

ಆಲ್ಬಂ ಮೊಬೈಲ್‌ನಲ್ಲೇ ಸಿಗುತ್ತಲ್ಲ, ಮತ್ತೆ ಊರೂರು ಯಾಕೆ ತಿರುಗಬೇಕು?

ಮೊದಲ ಕಾರಣ ದುಡ್ಡು. ಕ್ಯಾಸೆಟ್, ಸಿಡಿ ಮಾರಾಟ ಬಿದ್ದುಹೋದ ಮೇಲೆ ಬ್ಯಾಂಡುಗಳಿಗೆ ಮುಖ್ಯ ಗಳಿಕೆ ಬರುವುದು ಕಾರ್ಯಕ್ರಮಗಳಿಂದ. ಹೊಸ ಆಲ್ಬಂ ಬಿಡುಗಡೆ ಮಾಡುತ್ತಾರೆ, ಅದರ ಹೆಸರಿನಲ್ಲಿ ಪ್ರವಾಸ ಹೊರಡುತ್ತಾರೆ. ಹೊಸ ಹಾಡು ಒಂದಷ್ಟು, ಜನ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡ ಹಳೆಯ ಹಾಡು ಒಂದಷ್ಟು, ಎರಡನ್ನೂ ಬೆರೆಸಿ ಹಾಡುತ್ತಾರೆ.

ಇದು ನಮ್ಮೂರಿಗೆ ಹೊಸದಲ್ಲ. ದಾವಣಗೆರೆ ನಾಟಕ ಕಂಪನಿಗಳ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ನಮ್ಮ ಸೋದರಮಾವ ಹುಡುಗನಾಗಿದ್ದಾಗ ಒಂದು ಕಂಪನಿಯಲ್ಲಿ ಪರದೆ ಎಳೆಯುವ ಕೆಲಸಕ್ಕಿದ್ದರು. ಹೊಸ ನಾಟಕ ಕಟ್ಟಿದ ಮೇಲೆ ಕ್ಯಾಂಪ್ ಹೊರಡುವುದು, ಜಾತ್ರೆ ಇರುವ ಊರು ನೋಡಿ ತಗಡಿನ ಥಿಯೇಟರ್ ಹಾಕುವುದು, ಕಲೆಕ್ಷನ್ ಇಳಿದರೆ ಕ್ಯಾಂಪ್ ಎತ್ತಿ ಮುಂದಿನ ಊರಿಗೆ ಹೋಗುವುದು, ಇದನ್ನೆಲ್ಲ ಅವರು ಈಗಲೂ ಹೇಳುತ್ತಾರೆ. ಸೀನರಿ, ಪೆಟ್ಟಿಗೆ, ಹಾರ್ಮೋನಿಯಂ, ಅಡುಗೆ ಪಾತ್ರೆ ಎಲ್ಲ ಲಾರಿಗೆ ಏರುತ್ತಿತ್ತಂತೆ. ಕೋಲ್ಡ್‌ಪ್ಲೇ ಮಾಡುವುದೂ ಕ್ಯಾಂಪೇ. ಲಾರಿಗಳ ಜೊತೆ ವಿಮಾನವೂ ಬಂದಿದೆ, ಅಷ್ಟೆ. ನಾನು ಮಾವನಿಗೆ ಆ ಸ್ಟೇಜ್ ಕಟ್ಟುವ ವಿಡಿಯೊ ತೋರಿಸಿದಾಗ ಅವರು ಹಾಡು ಕೇಳಲೇ ಇಲ್ಲ. "ಕಂಬ ನೆಡೋಕೆ ಎಷ್ಟು ಆಳು?" ಅಂತ ಕೇಳಿದರು.

ಹಾಗಾದ್ರೆ ಎಷ್ಟು ಆಳು, ಎಷ್ಟು ದಿನ?

ಸ್ಟೇಡಿಯಂ ಕಾರ್ಯಕ್ರಮದ ಸ್ಟೇಜ್ ಒಂದೇ ದಿನದಲ್ಲಿ ಎದ್ದು ನಿಲ್ಲುವುದಿಲ್ಲ. ಮೊದಲು ಹುಲ್ಲಿನ ಮೇಲೆ ಹಲಗೆ ಹಾಸಬೇಕು, ಇಲ್ಲದಿದ್ದರೆ ಮೈದಾನ ಹಾಳಾಗುತ್ತದೆ. ಆಮೇಲೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಲೈಟು, ಸ್ಕ್ರೀನು, ಬಾಕ್ಸು. ಹೀಗಾಗಿ ದೊಡ್ಡ ಪ್ರವಾಸಗಳಲ್ಲಿ ಕಬ್ಬಿಣದ ಚೌಕಟ್ಟು ಎರಡು ಮೂರು ಸೆಟ್ ಇರುತ್ತವೆ. ಒಂದು ಊರಿನಲ್ಲಿ ಹಾಡು ನಡೆಯುತ್ತಿರುವಾಗಲೇ ಮುಂದಿನ ಊರಿನಲ್ಲಿ ಇನ್ನೊಂದು ಸೆಟ್ ಏಳುತ್ತಿರುತ್ತದೆ. ವಾದ್ಯ, ಮಿಕ್ಸರ್, ಸ್ಕ್ರೀನಿನಂಥ ಸೂಕ್ಷ್ಮ ಸಾಮಾನು ಮಾತ್ರ ತಂಡದ ಜೊತೆಗೇ ಸಾಗುತ್ತದೆ. ನೂರಾರು ಜನ ಕೆಲಸ ಮಾಡುತ್ತಾರೆ, ಅವರಲ್ಲಿ ಬಹಳಷ್ಟು ಜನ ಆಯಾ ಊರಿನವರೇ. ಕಾರ್ಯಕ್ರಮ ಮುಗಿದ ಅರ್ಧ ಗಂಟೆಯಲ್ಲಿ, ಜನ ಇನ್ನೂ ಗೇಟಿನ ಹತ್ತಿರ ಇರುವಾಗಲೇ ಬಿಚ್ಚುವ ಕೆಲಸ ಶುರುವಾಗುವುದುಂಟು. ಮದುವೆ ಊಟದ ಕೊನೆ ಪಂಕ್ತಿ ಏಳುವ ಮೊದಲೇ ನಾವು ವೈರ್ ಸುತ್ತುತ್ತೇವಲ್ಲ, ಹಾಗೆ.

ಈ ಪ್ರವಾಸ ಯಾವಾಗ ಶುರುವಾಯ್ತು, ಯಾವಾಗ ಮುಗೀತು?

2022ರ ಮಾರ್ಚ್ 18ರಂದು ಕೋಸ್ಟಾರಿಕಾ ದೇಶದ ಸ್ಯಾನ್ ಹೊಸೆಯಲ್ಲಿ ಶುರು. 2025ರ ಸೆಪ್ಟೆಂಬರ್ 12ರಂದು ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಮುಕ್ತಾಯ. ಅಲ್ಲಿ ಒಂದೇ ಕಡೆ ಹತ್ತು ರಾತ್ರಿ ಹಾಡಿದರು. ಒಟ್ಟು ಇನ್ನೂರಕ್ಕೂ ಹೆಚ್ಚು ಕಾರ್ಯಕ್ರಮ, ಒಂದು ಕೋಟಿಗೂ ಹೆಚ್ಚು ಟಿಕೆಟ್.

ಪ್ರವಾಸದ ಹೆಸರು ಮ್ಯೂಸಿಕ್ ಆಫ್ ದ ಸ್ಫಿಯರ್ಸ್. ಅದೇ ಹೆಸರಿನ ಆಲ್ಬಂ 2021ರ ಅಕ್ಟೋಬರ್ 15ಕ್ಕೆ ಬಂದಿತ್ತು. ಪ್ರವಾಸ ನಡೆಯುತ್ತಿರುವಾಗಲೇ, 2024ರ ಅಕ್ಟೋಬರ್ 4ರಂದು, ಮೂನ್ ಮ್ಯೂಸಿಕ್ ಅನ್ನುವ ಹತ್ತನೆಯ ಆಲ್ಬಂ ಬಂತು. ಆದ್ದರಿಂದ ಭಾರತಕ್ಕೆ ಬಂದಾಗ ಅವರ ಕೈಯಲ್ಲಿ ಎರಡು ಆಲ್ಬಂಗಳ ಹಾಡುಗಳಿದ್ದವು. ಆ ಮಟ್ಟಿಗೆ ನಮಗೆ ಲಾಭವೇ ಆಯಿತು.

ಭಾರತದಲ್ಲಿ ಎಲ್ಲೆಲ್ಲಿ ನಡೀತು?

ನವಿ ಮುಂಬೈಯ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ 2025ರ ಜನವರಿ 18, 19 ಮತ್ತು 21. ಅಹಮದಾಬಾದಿನ ನರೇಂದ್ರ ಮೋದಿ ಸ್ಟೇಡಿಯಂನಲ್ಲಿ ಜನವರಿ 25 ಮತ್ತು 26. ಗಣರಾಜ್ಯೋತ್ಸವದ ದಿನದ ಕಾರ್ಯಕ್ರಮ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಲ್ಲಿ ನೇರ ಪ್ರಸಾರವಾಯಿತು. ನಮ್ಮ ಓಣಿಯ ಹುಡುಗರು ಅದನ್ನು ನೋಡಿದವರೇ. ಅವತ್ತು ಬುಮ್ರಾ ಕೂಡ ಪ್ರೇಕ್ಷಕರ ನಡುವೆ ಇದ್ದರು, ಅವರಿಗಾಗಿ ಕ್ರಿಸ್ ಮಾರ್ಟಿನ್ ಎರಡು ಸಾಲು ಕಟ್ಟಿ ಹಾಡಿದರು. ಇದಕ್ಕೂ ಮುಂಚೆ ಬ್ಯಾಂಡ್ 2016ರ ನವೆಂಬರ್ 19ರಂದು ಮುಂಬೈಯ ಗ್ಲೋಬಲ್ ಸಿಟಿಜನ್ ಉತ್ಸವದಲ್ಲಿ ಹಾಡಿತ್ತು.

ದಾವಣಗೆರೆಗೆ ಬರ್ತಾರಾ?

ಇಲ್ಲ. ಈ ಅಳತೆಯ ಕಾರ್ಯಕ್ರಮಕ್ಕೆ ನಲವತ್ತು ಐವತ್ತು ಸಾವಿರ ಜನ ಹಿಡಿಯುವ ಸ್ಟೇಡಿಯಂ, ಸಾಮಾನು ಇಳಿಸಲು ವಿಮಾನ ನಿಲ್ದಾಣ, ಅಷ್ಟು ಜನ ಉಳಿಯಲು ರೂಮು, ಎಲ್ಲ ಹತ್ತಿರದಲ್ಲೇ ಇರಬೇಕು. ನಾವೇ ಹೋಗಬೇಕು. ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಿದ್ದವು. ಹಾಗೆ ಬೆಂಗಳೂರಿಗೆ ಬಂದರೆ ನಮಗೆ ಬಹಳ ಸಲೀಸು.

ಟಿಕೆಟ್ ಎಷ್ಟು? ಸಿಗೋದು ಹೇಗೆ?

ನವಿ ಮುಂಬೈಗೆ 2,500 ರೂಪಾಯಿಯಿಂದ 35,000ದವರೆಗೆ ಇತ್ತು. ನಿಂತು ನೋಡುವ ಜಾಗ 6,450. ಮಾರಾಟ ಶುರುವಾಗಿದ್ದು 2024ರ ಸೆಪ್ಟೆಂಬರ್ 22ರ ಮಧ್ಯಾಹ್ನ 12ಕ್ಕೆ. ನಾನು ಮತ್ತು ತಂಗಿ ಎರಡು ಮೊಬೈಲ್, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆವು. ಸರತಿಯಲ್ಲಿ ನಮ್ಮ ನಂಬರ್ ಲಕ್ಷಗಳಲ್ಲಿತ್ತು. ಸಂಜೆವರೆಗೂ ಕಾದು ಬರಿಗೈಯಲ್ಲಿ ಎದ್ದೆವು. ತಂಗಿ ಅವತ್ತು ಊಟ ಮಾಡಲಿಲ್ಲ.

ನಮಗೆ ಕೊನೆಗೆ ಸಿಕ್ಕಿದ್ದು ಇನ್ಫಿನಿಟಿ ಟಿಕೆಟ್. ಇದರ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕೋಲ್ಡ್‌ಪ್ಲೇ ಪ್ರತಿ ಕಾರ್ಯಕ್ರಮದಲ್ಲೂ ಒಂದಿಷ್ಟು ಟಿಕೆಟ್ಟನ್ನು ಕಡಿಮೆ ಬೆಲೆಗೆ ತೆಗೆದಿಡುತ್ತದೆ. ಭಾರತದಲ್ಲಿ ಒಂದಕ್ಕೆ 2,000 ರೂಪಾಯಿ. ಅದನ್ನು 2024ರ ನವೆಂಬರ್ 22ರಂದು ಬಿಟ್ಟರು. ಜೋಡಿಯಾಗಿಯೇ ಕೊಳ್ಳಬೇಕು, ಎರಡಕ್ಕಿಂತ ಹೆಚ್ಚು ಕೊಡುವುದಿಲ್ಲ. ಕೂರುವ ಜಾಗ ಯಾವುದು ಅಂತ ಮೊದಲೇ ಗೊತ್ತಾಗುವುದಿಲ್ಲ. ಕಾರ್ಯಕ್ರಮದ ದಿನ ಕೌಂಟರಿಗೆ ಹೋಗಿ ಟಿಕೆಟ್ ಕೈಗೆ ತೆಗೆದುಕೊಂಡಾಗಲೇ ತಿಳಿಯುವುದು. ಮುಂದೆಯೂ ಆಗಬಹುದು, ತೀರಾ ಮೇಲೂ ಆಗಬಹುದು. ನಮ್ಮದು ಮೇಲಿನ ಸ್ಟ್ಯಾಂಡು, ಸ್ಟೇಜಿಗೆ ಎದುರು ಬದಿ. ಜಾಗ ಯಾವುದಾದರೂ ಸರಿ ಅಂತ ಹೊರಟವರಿಗೆ ಇದಕ್ಕಿಂತ ಒಳ್ಳೆಯ ಟಿಕೆಟ್ ಇಲ್ಲ.

ಮುಂದೆ ಯಾವುದೇ ದೊಡ್ಡ ಬ್ಯಾಂಡಿನ ಟಿಕೆಟ್ಟಿಗೆ ಕೂರುವವರು ಇಷ್ಟು ಮಾಡಿ. ಹಿಂದಿನ ದಿನವೇ ಲಾಗಿನ್ ಆಗಿ ಹೆಸರು, ನಂಬರ್ ತುಂಬಿಡಿ. ಸಮಯಕ್ಕೆ ಮೊದಲೇ ಒಳಗೆ ಹೋಗಿ ಕಾಯಿರಿ, ಸರತಿಯಲ್ಲಿರುವಾಗ ಪುಟವನ್ನು ಮತ್ತೆ ಮತ್ತೆ ಒತ್ತಬೇಡಿ. ಎಷ್ಟರವರೆಗೆ ಕೊಡಬಹುದು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ, ಯಾಕಂದ್ರೆ ಆಯ್ಕೆಗೆ ಸಿಗುವುದು ಕೆಲವೇ ನಿಮಿಷ. ಮತ್ತೆ, ಮೊದಲ ದಿನ ಸಿಗಲಿಲ್ಲ ಅಂತ ಕೈಬಿಡಬೇಡಿ. ಈ ಪ್ರವಾಸದಲ್ಲೇ ಜನರ ನೂಕುನುಗ್ಗಲು ನೋಡಿ ನವಿ ಮುಂಬೈಗೆ ಮೂರನೇ ದಿನ ಸೇರಿಸಿದರು. ಅಹಮದಾಬಾದಿನದು ಅದಾದ ಮೇಲೆ ಬಂತು.

ಬ್ಲ್ಯಾಕಲ್ಲಿ ತಗೋಬಹುದಾ?

ಬೇಡ. ದಯವಿಟ್ಟು ಬೇಡ.

ನನ್ನ ದೊಡ್ಡಪ್ಪನ ಮಗ ಮೊಬೈಲ್ ಗುಂಪೊಂದರಲ್ಲಿ ಪರಿಚಯವಾದವನಿಗೆ ಎರಡು ಟಿಕೆಟ್ಟಿಗೆ ಹದಿನೆಂಟು ಸಾವಿರ ಕಳಿಸಿದ. ಅವನು ಟಿಕೆಟ್ಟಿನ ಫೋಟೊ ಕಳಿಸಿದ್ದ, ಆಧಾರ್ ಕಾರ್ಡಿನ ಫೋಟೊ ಕೂಡ ಕಳಿಸಿದ್ದ. ದುಡ್ಡು ಹೋದ ಹತ್ತು ನಿಮಿಷಕ್ಕೆ ನಂಬರ್ ಸ್ವಿಚ್ ಆಫ್. ನಮ್ಮ ಹುಡುಗ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು, ಅದು ಅವನ ಒಂದು ತಿಂಗಳ ದುಡಿಮೆಗಿಂತ ಜಾಸ್ತಿ. ಮನೆಯಲ್ಲಿ ಹೇಳಲು ಅವನಿಗೆ ಎರಡು ವಾರ ಬೇಕಾಯಿತು. ಒಂದೇ ಟಿಕೆಟ್ಟಿನ ಫೋಟೊವನ್ನು ಹತ್ತು ಜನಕ್ಕೆ ಮಾರಬಹುದು ಅನ್ನುವುದನ್ನು ನೆನಪಿಡಿ. ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ದಾವಣಗೆರೆ, ಚಿತ್ರದುರ್ಗದಿಂದ ಹೋಗೋದು ಹೇಗೆ?

ನಮ್ಮೂರ ಪಕ್ಕದ ಹೈವೇ ಇದೆಯಲ್ಲ, ರಾಷ್ಟ್ರೀಯ ಹೆದ್ದಾರಿ 48, ಅದು ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ದಾಟಿ ಮುಂಬೈ ಕಡೆ ಹೋಗುತ್ತದೆ. ಅಲ್ಲಿಂದ ಸೂರತ್, ವಡೋದರ ಮುಟ್ಟಿ ಅಹಮದಾಬಾದಿಗೂ ಹೋಗುತ್ತದೆ. ಎರಡೂ ಊರು ನಮ್ಮ ರಸ್ತೆಯ ಮೇಲೇ ಇವೆ. ನಾವು ಸ್ಲೀಪರ್ ಬಸ್ಸಿನಲ್ಲಿ ಹೋದೆವು. ಅಮ್ಮ ಚಪಾತಿ, ಶೇಂಗಾ ಚಟ್ನಿಪುಡಿ, ಒಂದು ಚೀಲ ಮಂಡಕ್ಕಿ ಕಟ್ಟಿಕೊಟ್ಟಿದ್ದರು. ಸ್ಟೇಡಿಯಂ ಇರುವುದು ನೆರೂಳ್‌ನಲ್ಲಿ. ಲೋಕಲ್ ರೈಲಿನ ನಿಲ್ದಾಣದಿಂದ ನಡೆದೇ ಹೋಗಬಹುದು.

ರೈಲು ಬೇಕು ಅನ್ನುವವರಿಗೆ, ಬೆಂಗಳೂರಿನಿಂದ ಜೋಧಪುರಕ್ಕೆ ಹೋಗುವ ರೈಲು ದಾವಣಗೆರೆ, ಹುಬ್ಬಳ್ಳಿ, ಪುಣೆ ದಾರಿಯಾಗಿ ಅಹಮದಾಬಾದ್ ಮುಟ್ಟುತ್ತದೆ. ಒಂದು ದಿನಕ್ಕಿಂತ ಜಾಸ್ತಿ ಪ್ರಯಾಣ. ಚಿತ್ರದುರ್ಗದವರು ದಾವಣಗೆರೆಗೋ ಚಿಕ್ಕಜಾಜೂರಿಗೋ ಬಂದು ಹತ್ತುವುದು ಒಳ್ಳೆಯದು. ಟಿಕೆಟ್ ಸಿಕ್ಕ ದಿನವೇ ರೈಲು, ರೂಮು ಎರಡೂ ಬುಕ್ ಮಾಡಿ. ಕಾರ್ಯಕ್ರಮದ ವಾರದಲ್ಲಿ ರೂಮಿನ ಬಾಡಿಗೆ ಮೂರು ನಾಲ್ಕು ಪಟ್ಟಾಗುತ್ತದೆ. ನಾವು ತಂಗಿಯ ಗೆಳತಿಯ ಮನೆಯಲ್ಲಿ ಉಳಿದೆವು, ಆ ಖರ್ಚು ಉಳಿಯಿತು.

ಇಂಗ್ಲಿಷ್ ಅಷ್ಟು ಬರಲ್ಲ. ಹೋಗಿ ಏನು ಮಾಡ್ಲಿ?

ನನಗೂ ಅಷ್ಟಕ್ಕಷ್ಟೆ. ಆದರೆ ಹೋಗುವ ಮೊದಲು ತಂಗಿ ಒಂದು ಕೆಲಸ ಮಾಡಿಸಿದಳು. ಒಂದು ತಿಂಗಳು ದಿನಾ ರಾತ್ರಿ ಎರಡು ಹಾಡು ಕೇಳಿಸಿ, ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಹೇಳುತ್ತಿದ್ದಳು. ಅಂಗಡಿ ಮುಚ್ಚಿದ ಮೇಲೆ, ಬಾಗಿಲ ಮೆಟ್ಟಿಲ ಮೇಲೆ ಕೂತು. ಹೆಚ್ಚಿನ ಹಾಡು ಬಹಳ ಸರಳ ಮಾತಿನವು. ನೀನು ಕಷ್ಟದಲ್ಲಿದ್ದೀಯ, ನಾನಿದ್ದೇನೆ, ಆಕಾಶ ನೋಡು, ಇಷ್ಟೇ. ಜೊತೆಗೆ ಮಾತೇ ಇಲ್ಲದ ಓ ಓ ಅನ್ನುವ ಆಲಾಪಗಳು ಬೇಕಾದಷ್ಟಿವೆ. ಅದಕ್ಕೆ ಯಾವ ಭಾಷೆಯೂ ಬೇಡ. ನಮ್ಮ ಹಿಂದಿನ ಸಾಲಿನಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಮಗನ ಜೊತೆ ಬಂದಿದ್ದರು, ಮರಾಠಿ ಬಿಟ್ಟು ಬೇರೆ ಮಾತಾಡಿದ್ದು ನಾನು ಕೇಳಲಿಲ್ಲ. ಆಲಾಪ ಬಂದಾಗ ಎಲ್ಲರಿಗಿಂತ ದೊಡ್ಡ ದನಿ ಅವರದೇ.

ಆಲ್ಬಂ ಪೂರ್ತಿ ಕೇಳಿ ಹೋಗಿ. ಮೂನ್ ಮ್ಯೂಸಿಕ್‌ನಲ್ಲಿ ಇರುವುದೇ ಹತ್ತು ಹಾಡು. ರೀಲ್ಸ್‌ನಲ್ಲಿ ಅರ್ಧ ನಿಮಿಷ ಕೇಳಿ ಹೋದರೆ ಆ ಅರ್ಧ ನಿಮಿಷ ಮಾತ್ರ ನಿಮ್ಮದಾಗುತ್ತದೆ. ಉಳಿದ ಎರಡು ಗಂಟೆ ಬೇರೆಯವರ ಮದುವೆಗೆ ಹೋದ ಹಾಗೆ.

ನಿಂತು ನೋಡೋದು ಒಳ್ಳೇದಾ, ಕೂತು ನೋಡೋದಾ?

ಕಾಲಲ್ಲಿ ಶಕ್ತಿ ಇದ್ದರೆ, ಆರು ಏಳು ಗಂಟೆ ನಿಲ್ಲಬಲ್ಲೆ ಅನ್ನುವ ಧೈರ್ಯ ಇದ್ದರೆ, ನಿಂತು ನೋಡಿ. ಎತ್ತರ ಕಡಿಮೆ ಇದ್ದವರಿಗೆ, ವಯಸ್ಸಾದವರಿಗೆ ಕೂರುವ ಜಾಗವೇ ಒಳ್ಳೆಯದು. ಹಿಂದೆ ಕೂತವರು ಬೇಜಾರು ಮಾಡಿಕೊಳ್ಳಬೇಡಿ. ಈ ಬ್ಯಾಂಡ್ ಒಂದೇ ಸ್ಟೇಜಿನಲ್ಲಿ ನಿಲ್ಲುವುದಿಲ್ಲ. ದೊಡ್ಡ ಸ್ಟೇಜಿನಿಂದ ಜನರ ನಡುವೆ ಚಾಚಿದ ಹಾದಿ, ಅದರ ತುದಿಯಲ್ಲಿ ಎರಡನೇ ಸ್ಟೇಜು, ಮೈದಾನದ ಹಿಂಭಾಗದಲ್ಲಿ ಮೂರನೆಯ ಪುಟ್ಟ ಸ್ಟೇಜು. ಕಾರ್ಯಕ್ರಮವನ್ನು ನಾಲ್ಕು ಭಾಗ ಮಾಡಿ ಗ್ರಹ, ಚಂದ್ರ, ನಕ್ಷತ್ರ, ಮನೆ ಅಂತ ಹೆಸರಿಟ್ಟಿದ್ದಾರೆ. ನಾಟಕದ ಅಂಕಗಳ ಹಾಗೆ. ಕೊನೆಯ ಅಂಕಕ್ಕೆ ಅವರು ಹಿಂದಿನ ಪುಟ್ಟ ಸ್ಟೇಜಿಗೆ ಬಂದರು, ನಮ್ಮ ಕಡೆಗೆ. 2,000 ರೂಪಾಯಿ ಟಿಕೆಟ್ಟಿನವರ ಮುಂದೆ. ತಂಗಿ ನನ್ನ ತೋಳು ಹಿಡಿದು ಅಲ್ಲಾಡಿಸಿದ್ದಕ್ಕೆ ಮಾರನೆಯ ದಿನವೂ ನೋಯುತ್ತಿತ್ತು.

ಅಷ್ಟು ದೊಡ್ಡ ಮೈದಾನ, ಹಿಂದಿನವರಿಗೆ ಸರಿಯಾಗಿ ಕೇಳಿಸುತ್ತಾ?

ಇದು ನನ್ನ ಕಸುಬಿನ ಪ್ರಶ್ನೆ, ಸ್ವಲ್ಪ ಉದ್ದ ಹೇಳುತ್ತೇನೆ.

ಹೈಸ್ಕೂಲ್ ಮೈದಾನದ ತುದಿಯಲ್ಲಿ ನಿಂತು ಕ್ರಿಕೆಟ್ ನೋಡಿದ್ದೀರಾ? ಬ್ಯಾಟಿಗೆ ಚೆಂಡು ಬಡಿದದ್ದು ಮೊದಲು ಕಾಣುತ್ತದೆ, ಟಪ್ ಅನ್ನುವ ಸದ್ದು ಆಮೇಲೆ ಬರುತ್ತದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಅಷ್ಟೆ. ಸ್ಟೇಜಿನಿಂದ 85 ಮೀಟರ್ ದೂರ ಇರುವವರಿಗೆ ಕಾಲು ಸೆಕೆಂಡು ತಡವಾಗಿ ಕೇಳುತ್ತದೆ. ಈಗ ಹಿಂದಿನವರಿಗೂ ಕೇಳಲಿ ಅಂತ ಮೈದಾನದ ನಡುವೆ ಇನ್ನೊಂದು ಜೊತೆ ಬಾಕ್ಸ್ ಇಟ್ಟೆವು ಅನ್ನಿ. ವೈರಿನಲ್ಲಿ ಸಂಕೇತ ತಕ್ಷಣ ಹೋಗುತ್ತದೆ. ಹತ್ತಿರದ ಬಾಕ್ಸ್ ಮೊದಲು ಕೂಗುತ್ತದೆ, ಸ್ಟೇಜಿನ ಬಾಕ್ಸಿನ ಸದ್ದು ಕಾಲು ಸೆಕೆಂಡು ಬಿಟ್ಟು ಬರುತ್ತದೆ. ಒಂದೇ ಮಾತು ಎರಡು ಸಲ ಕೇಳಿ ಕಲಸುಮೇಲೋಗರ. ಜಾತ್ರೆಯಲ್ಲಿ ಭಾಷಣ ಅರ್ಥವಾಗದೆ ಇರುವುದಕ್ಕೆ ಮುಖ್ಯ ಕಾರಣ ಇದೇ. ನಾವು ಬೀದಿಯುದ್ದಕ್ಕೂ ಹಾರ್ನ್ ಕಟ್ಟಿ ಎಲ್ಲಕ್ಕೂ ಒಂದೇ ವೈರ್ ಕೊಡುತ್ತೇವೆ.

ದೊಡ್ಡ ಕಾರ್ಯಕ್ರಮಗಳಲ್ಲಿ ನಡುವಿನ ಬಾಕ್ಸುಗಳನ್ನು ಬೇಕಂತಲೇ ತಡ ಮಾಡಿ ನುಡಿಸುತ್ತಾರೆ. ಸ್ಟೇಜಿನ ಸದ್ದು ಗಾಳಿಯಲ್ಲಿ ನಡೆದು ಅಲ್ಲಿಗೆ ಮುಟ್ಟುವ ಹೊತ್ತಿಗೆ ಸರಿಯಾಗಿ ಈ ಬಾಕ್ಸೂ ಬಾಯಿ ತೆಗೆಯುತ್ತದೆ. ಎರಡೂ ಒಂದಾಗಿ ಕೇಳುತ್ತವೆ. ಬಿಸಿ ಗಾಳಿಯಲ್ಲಿ ಶಬ್ದದ ಓಟ ಜೋರು, ತಣ್ಣಗಾದರೆ ನಿಧಾನ. ಹಾಗಾಗಿ ಮಧ್ಯಾಹ್ನ ಮಾಡಿದ ಲೆಕ್ಕವನ್ನು ರಾತ್ರಿಗೆ ಮತ್ತೆ ತಿದ್ದಬೇಕಾಗುತ್ತದೆ.

ಅವತ್ತು ಮೊದಲ ಹಾಡಿನಲ್ಲಿ ನಾನು ಕಣ್ಣು ಮುಚ್ಚಿಕೊಂಡೆ. ತಂಗಿ ನಿದ್ದೆ ಬಂತಾ ಅಂತ ಕೇಳಿದಳು. ಡ್ರಮ್ಮಿನ ಏಟು ಎದೆಗೆ ಒಂದೇ ಸಲ ಬಂದು ತಾಗುತ್ತಿತ್ತು. ಗಿಟಾರ್ ಬೇರೆ, ಪಿಯಾನೊ ಬೇರೆ, ಹಾಡುವ ದನಿ ಎಲ್ಲದರ ಮೇಲೆ. ಮಾತು ಮಾತೂ ಬಿಡಿಬಿಡಿಯಾಗಿ. ಹದಿನೈದು ವರ್ಷದಿಂದ ಬಾಕ್ಸ್ ಹೊತ್ತಿದ್ದೇನೆ, ಬಯಲಿನಲ್ಲಿ ಇಂಥ ಸೌಂಡ್ ಸಾಧ್ಯ ಅಂತ ಕಿವಿಯಾರೆ ಕೇಳಿದ್ದು ಅದೇ ಮೊದಲು. ಬಂದ ಮೇಲೆ ನಾವು ತಡ ಹೊಂದಿಸುವ ಒಂದು ಡಿಜಿಟಲ್ ಪ್ರೊಸೆಸರ್ ತಂದೆವು. ಈಗ ದೊಡ್ಡ ಪೆಂಡಾಲುಗಳಲ್ಲಿ ಹಿಂದಿನ ಬಾಕ್ಸನ್ನು ಅಳೆದು ತಡ ಮಾಡುತ್ತೇವೆ. ಹಿಂದಿನ ಸಾಲಿನ ಅಜ್ಜಂದಿರು ಹರಿಕಥೆ ಸ್ಪಷ್ಟ ಕೇಳ್ತು ಅಂತ ಹೇಳಿಕಳಿಸಿದ್ದಾರೆ.

ಕೈಗೆ ಕಟ್ಟೋ ಲೈಟ್ ಹೇಗೆ ಕೆಲಸ ಮಾಡುತ್ತೆ?

ಒಳಗೆ ಹೋಗುವಾಗ ಪ್ರತಿಯೊಬ್ಬರಿಗೂ ಒಂದು ಪಟ್ಟಿ ಕೊಡುತ್ತಾರೆ, ವಾಚಿನ ಹಾಗೆ ಕಟ್ಟಿಕೊಳ್ಳುವುದು. ಒಳಗೆ ಎಲ್‌ಇಡಿ ಇರುತ್ತದೆ. ನೀವು ಏನೂ ಒತ್ತಬೇಕಾಗಿಲ್ಲ. ಟಿವಿಗೆ ರಿಮೋಟಿನಿಂದ ಸಂಕೇತ ಹೋಗುವ ಹಾಗೆ ಮೈದಾನದಿಂದ ಸಂಕೇತ ಬರುತ್ತದೆ, ಹಾಡಿಗೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಲೈಟಿಂಗ್ ಮಾಡುವವರು ಕೂತಲ್ಲಿಂದಲೇ ಇಡೀ ಸ್ಟೇಡಿಯಂ ಬೆಳಗುತ್ತಾರೆ. ಅವರ ಹಳೆಯ, ಹಳದಿ ಬಣ್ಣದ ಹೆಸರಿನ ಹಾಡು ಬಂದಾಗ ಎಲ್ಲರ ಕೈಯೂ ಹಳದಿಯಾಯಿತು. ನನ್ನ ಕೈಯನ್ನು ಒಮ್ಮೆ ನೋಡಿದೆ, ಎದುರಿನ ಸ್ಟ್ಯಾಂಡನ್ನು ಒಮ್ಮೆ ನೋಡಿದೆ. ಸೂರ್ಯಕಾಂತಿ ಹೊಲ ರಾತ್ರಿಯಲ್ಲಿ ಎದ್ದು ನಿಂತ ಹಾಗಿತ್ತು.

ಕುಣಿದರೆ ಕರೆಂಟ್ ಬರುತ್ತಂತೆ, ನಿಜಾನಾ?

ನಿಜ. 2019ರಲ್ಲಿ ಹಿಂದಿನ ಆಲ್ಬಂ ಬಂದಾಗ ಕೋಲ್ಡ್‌ಪ್ಲೇ ಪ್ರವಾಸವನ್ನೇ ಮಾಡಲಿಲ್ಲ. ಪರಿಸರಕ್ಕೆ ಕಡಿಮೆ ಹಾನಿ ಆಗುವ ದಾರಿ ಸಿಗುವವರೆಗೆ ಹೊರಡುವುದಿಲ್ಲ ಅಂದರು. ಆಮೇಲೆ ಯೋಜನೆ ಹಾಕಿಕೊಂಡು ಈ ಪ್ರವಾಸ ಹೊರಟರು. ಮೆಟ್ಟಿ ಕುಣಿದರೆ ವಿದ್ಯುತ್ ಕೊಡುವ ನೆಲ, ಪೆಡಲ್ ತುಳಿದರೆ ಬ್ಯಾಟರಿ ತುಂಬುವ ಸೈಕಲ್, ಹಳೆಯ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗಳಿಂದ ಮಾಡಿದ ದೊಡ್ಡ ಬ್ಯಾಟರಿ. ಮಾರಾಟವಾದ ಪ್ರತಿ ಟಿಕೆಟ್ಟಿಗೆ ಒಂದು ಮರ. ಮೂನ್ ಮ್ಯೂಸಿಕ್‌ನ ಎಲ್‌ಪಿ ತಟ್ಟೆಯನ್ನು ಬಳಸಿ ಬಿಸಾಡಿದ ಒಂಬತ್ತು ಪ್ಲಾಸ್ಟಿಕ್ ಬಾಟಲಿಗಳಿಂದ ಮಾಡುತ್ತಾರೆ.

ಮೊದಲ ಎರಡು ವರ್ಷದ ಲೆಕ್ಕವನ್ನು 2024ರ ಜೂನ್‌ನಲ್ಲಿ ಕೊಟ್ಟರು. 2016-17ರ ಪ್ರವಾಸಕ್ಕೆ ಹೋಲಿಸಿದರೆ ಒಂದೊಂದು ಕಾರ್ಯಕ್ರಮದ ಇಂಗಾಲದ ಹೊಗೆ 59 ಶೇಕಡಾ ಇಳಿದಿತ್ತು. ಡೀಸೆಲ್ ಜನರೇಟರ್ ಪಕ್ಕ ರಾತ್ರಿಗಟ್ಟಲೆ ಕೂತು ಆ ವಾಸನೆ ಉಂಡವನು ನಾನು. ಈ ಅಂಕಿ ನೋಡಿ ನನಗೆ ನಿಜವಾಗಲೂ ಖುಷಿಯಾಯಿತು. ವಿಮಾನ ಹಾರಿದರೆ ಹೊಗೆ ಇದ್ದೇ ಇರುತ್ತದೆ, ಅದನ್ನು ಮುಚ್ಚಿಡಬಾರದು. ಇಂಥ ಕಾರ್ಯಕ್ರಮಗಳಲ್ಲಿ ನೋಡಲು ಬರುವವರ ಓಡಾಟದ ಹೊಗೆಯೇ ದೊಡ್ಡ ಪಾಲು. ರೈಲು ಸಿಕ್ಕರೆ ಕಾರು ಬಿಟ್ಟು ರೈಲಿಗೇ ಹೋಗಿ.

ಮಕ್ಕಳನ್ನ ಕರ್ಕೊಂಡು ಹೋಗಬಹುದಾ? ಕಿವಿಗೆ ತೊಂದರೆ ಆಗಲ್ವಾ?

ವಯಸ್ಸಿನ ನಿಯಮವನ್ನು ಟಿಕೆಟ್ ಪುಟದಲ್ಲಿ ನೋಡಿಕೊಳ್ಳಿ. ಕಿವಿಯ ವಿಷಯದಲ್ಲಿ ಹಗುರಾಗಿರಬೇಡಿ. ಮನರಂಜನಾ ಸ್ಥಳಗಳಲ್ಲಿ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಅದು ಮೇಲಿನ ಮಿತಿ, ಆರಾಮದ ಮಟ್ಟ ಅಲ್ಲ. ಫೋಮಿನ ಇಯರ್‌ಪ್ಲಗ್ ಒಂದು ಜೊತೆ ಜೇಬಿನಲ್ಲಿರಲಿ. ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿ. ನಮ್ಮ ಮೈಕ್‌ಸೆಟ್ ಕಸುಬಿನಲ್ಲಿ ನಲವತ್ತಕ್ಕೇ ಕಿವಿ ಮಂದವಾದವರನ್ನು ನೋಡಿದ್ದೇನೆ, ಆದ್ದರಿಂದ ಈ ಒಂದು ಮಾತನ್ನು ಒತ್ತಿ ಹೇಳುತ್ತೇನೆ.

ಕಿವಿ ಕೇಳದವರಿಗೂ ಈ ಪ್ರವಾಸದಲ್ಲಿ ಜಾಗ ಇತ್ತು. ಸಂಜ್ಞೆ ಭಾಷೆಯಲ್ಲಿ ಹಾಡು ಹೇಳುವವರು, ತಾಳದ ಕಂಪನ ಮೈಗೆ ಗೊತ್ತಾಗುವ ಜಾಕೆಟ್, ಎರಡನ್ನೂ ಬ್ಯಾಂಡೇ ಒದಗಿಸುತ್ತಿತ್ತು.

ಒಳಗೆ ಏನೇನು ಬಿಡಲ್ಲ?

ದೊಡ್ಡ ಬ್ಯಾಗು, ಬಾಟಲಿ, ಹೊರಗಿನ ತಿಂಡಿ, ದೊಡ್ಡ ಕ್ಯಾಮೆರಾ, ಸೆಲ್ಫಿ ಕೋಲು. ಪಟ್ಟಿಯನ್ನು ಮೊದಲೇ ಕಳಿಸುತ್ತಾರೆ, ಓದಿ. ಹೊಟ್ಟೆ ತುಂಬ ತಿಂದು ಒಳಗೆ ಹೋಗಿ. ಒಳಗಿನ ತಿಂಡಿಯ ಬೆಲೆ ಕೇಳಿದರೆ ನಮ್ಮೂರ ಬೆಣ್ಣೆ ದೋಸೆ ನೆನಪಾಗುತ್ತದೆ.

ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಬಹುದಾ?

ಮಾಡಬಹುದು. ಆದರೆ ಒಂದು ಹಾಡಿನ ನಡುವೆ ಕ್ರಿಸ್ ಮಾರ್ಟಿನ್ ಹಾಡು ನಿಲ್ಲಿಸಿ, ಇದೊಂದಕ್ಕೆ ಫೋನ್ ಜೇಬಿಗೆ ಹಾಕಿ ಅಂತ ಕೇಳುತ್ತಾರೆ. ಎಲ್ಲ ಊರಲ್ಲೂ ಕೇಳುತ್ತಾರೆ. ನಮ್ಮ ಸುತ್ತಮುತ್ತ ಎಲ್ಲರೂ ಹಾಕಿದರು. ಆ ಹಾಡಿನ ವಿಡಿಯೊ ನನ್ನ ಹತ್ತಿರ ಇಲ್ಲ. ಅವತ್ತಿನ ರಾತ್ರಿಯಲ್ಲಿ ನನಗೆ ಅತಿ ಚೆನ್ನಾಗಿ ನೆನಪಿರುವುದು ಅದೇ.

ಅದೇ ಹಾಡು, ಅದೇ ಲೈಟು, ಇನ್ನೂರು ಸಲ. ಅವರಿಗೆ ಬೇಸರ ಆಗಲ್ವಾ?

ಇದನ್ನು ಮಾವನನ್ನೇ ಕೇಳಿದೆ. ಅವರು ಹೇಳಿದ್ದು ಇಷ್ಟು. ಕಂಪನಿಯಲ್ಲಿ ಒಂದೇ ನಾಟಕವನ್ನು ನೂರು ರಾತ್ರಿ ಮಾಡುತ್ತಿದ್ದರು. ಅಳುವ ಪಾತ್ರದ ಕಲಾವಿದೆ ನೂರು ರಾತ್ರಿಯೂ ಅಳಬೇಕು. ಅವರು ಪರದೆಯ ಸಂದಿನಲ್ಲಿ ನಿಂತು ಮುಂದಿನ ಸಾಲು ನೋಡಿ ಬರುತ್ತಿದ್ದರಂತೆ, ಯಾರೋ ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದು ಕೂತಿರುತ್ತಿದ್ದರಂತೆ. ಆ ಮನುಷ್ಯ ನಾಟಕ ನೋಡುತ್ತಿರುವುದು ಮೊದಲ ಸಲ. ಅದು ಸಾಕಿತ್ತಂತೆ.

ನವಿ ಮುಂಬೈಯಲ್ಲಿ ಕ್ರಿಸ್ ಮಾರ್ಟಿನ್ ಜನ ಎತ್ತಿ ಹಿಡಿದ ಬೋರ್ಡುಗಳನ್ನು ಓದಿ ಓದಿ ಹೇಳುತ್ತಿದ್ದರು, ಸ್ಕ್ರೀನಿನಲ್ಲಿ ಕಂಡವರ ಮೇಲೆ ಅಲ್ಲೇ ಸಾಲು ಕಟ್ಟಿ ಹಾಡುತ್ತಿದ್ದರು. ನನಗೆ ಆ ಪರದೆಯ ಸಂದು ನೆನಪಾಯಿತು.

ಮತ್ತೆ ಯಾವಾಗ ಬರ್ತಾರೆ?

ಒಟ್ಟು ಹನ್ನೆರಡು ಆಲ್ಬಂ ಮಾಡಿ ನಿಲ್ಲಿಸುತ್ತೇವೆ ಅಂತ ಕ್ರಿಸ್ ಮಾರ್ಟಿನ್ ಹೇಳಿದ್ದಾರೆ. ಮೂನ್ ಮ್ಯೂಸಿಕ್ ಹತ್ತನೆಯದು. ತಾರೀಖಿನ ಸುದ್ದಿಯನ್ನು ಬ್ಯಾಂಡಿನ ಸ್ವಂತ ತಾಣದಲ್ಲಿ ನೋಡಿ, ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ. ಈಗಿನಿಂದ ತಿಂಗಳಿಗೆ ಐನೂರು ಎತ್ತಿಟ್ಟರೆ ಎರಡು ವರ್ಷಕ್ಕೆ ಹನ್ನೆರಡು ಸಾವಿರ. ಕಡಿಮೆ ಬೆಲೆಯ ಟಿಕೆಟ್ಟು, ಬಸ್ಸು, ಊಟ ಎಲ್ಲ ಸೇರಿ ಒಬ್ಬರಿಗೆ ಅದರಲ್ಲೇ ಆಗುತ್ತದೆ.

ಕೈಪಟ್ಟಿ ನಿಮ್ಮ ಹತ್ರ ಇದ್ಯಾ? ಒಮ್ಮೆ ನೋಡಬೇಕಿತ್ತು.

ಇಲ್ಲ. ವಾಪಸ್ ಕೊಟ್ಟೆ. ಅದನ್ನು ತೊಳೆದು, ಬ್ಯಾಟರಿ ನೋಡಿ, ಮುಂದಿನ ಊರಿನವರಿಗೆ ಕೊಡುತ್ತಾರೆ. ಯಾವ ಊರಿನವರು ಶೇಕಡಾ ಎಷ್ಟು ವಾಪಸ್ ಕೊಟ್ಟರು ಅಂತ ಸ್ಕ್ರೀನಿನಲ್ಲಿ ತೋರಿಸುತ್ತಾರೆ. ಗೇಟಿನ ಹತ್ತಿರ ದೊಡ್ಡ ಡಬ್ಬ ಇತ್ತು. ತಂಗಿ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು, ಆಮೇಲೆ ಹಾಕಿದಳು.

ಆ ಆಲ್ಬಂನ ನಿಮ್ಮ ದೊಡ್ಡ ಬಾಕ್ಸ್‌ನಲ್ಲಿ ಕೇಳಬಹುದಾ?

ಬನ್ನಿ. ಬುಕಿಂಗ್ ಇಲ್ಲದ ದಿನ ಸಂಜೆ ಆರರಿಂದ ಎಂಟು, ಗೋಡೌನ್‌ನಲ್ಲಿ, ಬಾಗಿಲು ಹಾಕಿಕೊಂಡು. ಆರೇಳು ಜನ ಕೂರಬಹುದು. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ನಡುವೆ ನಿಲ್ಲಿಸುವುದಿಲ್ಲ. ಮಂಡಕ್ಕಿ, ಮೆಣಸಿನಕಾಯಿ ನೀವು ತನ್ನಿ, ಚಹಾ ನಮ್ಮದು.